ಮುಂದಿನ ಸೀಟು

ಆಫೀಸಿನಲ್ಲಿ ಯಾರು ಯಾರ ಕಾರಿನಲ್ಲಿ ಸೇರಿ ಹೋಗಿಬರಬೇಕೆಂದು ಗೊತ್ತು ಮಾಡುವವರು ಚಿದಂಬರಯ್ಯ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿ ಸಂಜೆ ಅವರ ಮೇಜಿನ ಬಳಿ ಬಂದು ನಿಂತಳು.

"ಸರ್, ನನ್ನನ್ನ ಬೇರೆ ಕಾರಿಗೆ ಹಾಕಿ."

"ಮ್ಯಾನೇಜರ್ ಕಾರಿಗೇನಾಗಿದೆಯಮ್ಮ? ಮನೆ ಬಾಗಿಲಿಗೇ ಬರುತ್ತೆ."

"ಉಳಿದವರೆಲ್ಲ ಇಳಿದ ಮೇಲೆ ನಾನೊಬ್ಬಳೇ ಇರ್ತೀನಿ. ಮುಂದಿನ ಸೀಟಿಗೆ ಬಾ ಅಂತಾರೆ ಸರ್."

ಚಿದಂಬರಯ್ಯನವರು ಅವಳ ಮುಖ ನೋಡಲಿಲ್ಲ.

"ಸ್ವಲ್ಪ ಅಡ್ಜಸ್ಟ್ ಮಾಡ್ಕೊ. ದೊಡ್ಡವರ ವಿಷಯ, ನಾನು ಹೋಗಿ ಏನಂತ ಹೇಳಲಿ? ಬೇರೆ ಕಾರೆಲ್ಲ ತುಂಬಿದೆ."

ಅವಳು ಬ್ಯಾಗನ್ನು ಹೆಗಲಿಗೇರಿಸಿಕೊಂಡು, "ಬರ್ತೀನಿ ಸರ್" ಎಂದಳು.

ಸದ್ಯ, ಒಪ್ಪಿಕೊಂಡಳಲ್ಲ ಎಂದು ಚಿದಂಬರಯ್ಯ ಉಸಿರು ಬಿಟ್ಟರು.

ಮರುದಿನ ಬೆಳಿಗ್ಗೆ ಮ್ಯಾನೇಜರ್ ಫೋನಿನಲ್ಲೇ ರೇಗಿದರು. "ಎಲ್ರೀ ಆ ಹುಡುಗಿ? ಅವಳ ಮನೆ ಮುಂದೆ ಕಾಯ್ತಾ ಇದೀನಿ. ಬಾಗಿಲಿಗೆ ಬೀಗ!"

ಗಾಬರಿಯಿಂದ ಅವಳಿಗೆ ಫೋನ್ ಮಾಡಿದರೆ, ಆ ಕಡೆಯಿಂದ ರೈಲಿನ ಸದ್ದು.

"ಎಲ್ಲಿದೀಯಮ್ಮ? ನಿನ್ನೆ ಬರ್ತೀನಿ ಅಂದ್ಯಲ್ಲ!"

"ಕೆಲಸ ಬಿಟ್ಟು ಹೊರಡೋವಾಗ್ಲೂ 'ಹೋಗ್ತೀನಿ' ಅನ್ನಬಾರದಲ್ವಾ ಸರ್."