ತಕ್ಕಡಿಯ ಪಾಲು

“ನಿನ್ ಸೇರೇ ಸುಳ್ಳು ಕಣಮ್ಮ, ಜಾನ್ ಬೀ,” ಅಂದ ಎಣ್ಣೆ ಅಂಗಡಿ ಕೆಂಪಸಿದ್ದಯ್ಯ, ಹೊಸ ತಕ್ಕಡಿಯ ಮುಳ್ಳನ್ನೇ ನೋಡುತ್ತ. “ನಾಕು ಸೇರು ಅಂತ ತಂದಿದ್ದೀಯ. ಅರ್ಧ ಪಾವಿಗಿಂತ ಮ್ಯಾಲೇ ಕಮ್ಮಿ ಐತೆ.”

ಈ ಕಡೆ ತಟ್ಟೆಯಲ್ಲಿ ಅವಳ ಹರಳೆಣ್ಣೆ ಡಬ್ಬ. ಆ ಕಡೆ ಅಂಥದೇ ಖಾಲಿ ಡಬ್ಬ, ಪಕ್ಕದಲ್ಲಿ ನಾಲ್ಕು ಸೇರಿನ ತೂಕದ ಕಲ್ಲು. ಕಲ್ಲಿನ ಕಡೆಯೇ ಜಗ್ಗಿತ್ತು. ಹರಳೆಣ್ಣೆ ತಂದವರಿಗೆ ಅಷ್ಟೇ ಸೇರು ಕಡಲೆಕಾಯಿ ಎಣ್ಣೆ ಅಳೆದು ಕೊಡುವುದು ಮದ್ದೂರು ಪೇಟೆಯಲ್ಲಿ ಹಿಂದಿನಿಂದ ಬಂದದ್ದು. ಯುದ್ಧ ಶುರುವಾಗಿ ಎಣ್ಣೆ ತುಟ್ಟಿಯಾದ ಮೇಲೆ ಕೆಂಪಸಿದ್ದಯ್ಯ ತೊಲೆಗೆ ಈ ತಕ್ಕಡಿ ನೇತುಹಾಕಿದ್ದ.

ಜಾನ್ ಬೀ ಚೀಲದಲ್ಲಿದ್ದ ಸೇರನ್ನು ಮುಟ್ಟಿ ನೋಡಿಕೊಂಡಳು. ಅದು ಅತ್ತೆ ಕೊಟ್ಟುಹೋದ ಹಿತ್ತಾಳೆ ಸೇರು; ಓಣಿಯಲ್ಲಿ ಏನು ಅಳೆಯಬೇಕಾದರೂ ಅದನ್ನೇ ಕೇಳಿ ಒಯ್ಯುತ್ತಿದ್ದರು. ಓಣಿಯ ಹೆಂಗಸರೆಲ್ಲ ಬೇಲಿಯ ಹರಳು ಆಯ್ದು, ಹುರಿದು, ಕುಟ್ಟಿ, ಒಂದೇ ಹಂಡೆಯಲ್ಲಿ ಕಾಯಿಸಿ ತೆಗೆದ ಎಣ್ಣೆಯನ್ನು ಆ ಸೇರಿನಲ್ಲೇ ಅಳೆದು ಅವಳ ಕೈಗೆ ಕೊಟ್ಟಿದ್ದರು. ರಂಜಾನ್ ಹಬ್ಬದ ಹೊತ್ತಿಗೆ ಕಮ್ಮಿ ಎಣ್ಣೆ ತಂದಿಟ್ಟರೆ ಪಕ್ಕದ ಮನೆಯ ಸುರಯ್ಯಾ ಬಾಯಿ ಬಿಟ್ಟು ಏನೂ ಅನ್ನುವುದಿಲ್ಲ. ಡಬ್ಬದೊಳಕ್ಕೆ ಒಂದು ಸಲ ಬಗ್ಗಿ ನೋಡುತ್ತಾಳೆ. ಅಷ್ಟು ಸಾಕು, ಆ ಸೇರನ್ನು ಕೇಳಿಕೊಂಡು ಇನ್ನು ಯಾರೂ ಬಾಗಿಲಿಗೆ ಬರುವುದಿಲ್ಲ.

“ನನ್ ಸೇರು ಸುಳ್ಳಾದ್ರೆ ನಿಮ್ ಸೇರಲ್ಲೇ ಅಳೀರಿ,” ಅಂದಳು.

ಬಾಟ್ಲಿ ಹಿಡಿದು ಕಾಯುತ್ತಿದ್ದ ಕೊಪ್ಪದ ಜವರಯ್ಯ, “ಅಳೀಲಾ ಸಿದ್ದ, ನಾನೂ ನೋಡ್ತೀನಿ,” ಅಂತ ಕಂಬಕ್ಕೆ ಒರಗಿದ. ಕೆಂಪಸಿದ್ದಯ್ಯ ಮುಖ ಗಂಟಿಕ್ಕಿಕೊಂಡೇ ಅಂಗಡಿಯ ಸೇರು ತೆಗೆದು ಅಳೆದ. ನಾಲ್ಕು ಸಲವೂ ಅಂಚಿನತನಕ ತುಂಬಿತು. ಅಳೆದ ಎಣ್ಣೆಯನ್ನು ಮತ್ತೆ ಅವಳ ಡಬ್ಬಕ್ಕೇ ಸುರಿದ.

“ಅಳತೆ ಬ್ಯಾರೆ, ತೂಕ ಬ್ಯಾರೆ ಕಣಮ್ಮ. ಎಣ್ಣೆ ನೀರಿಗಿಂತ ಅಗುರ. ಸೇರು ತುಂಬ್ತು ಅಂದ್ರೆ ಸೇರು ತೂಗ್ತದೆ ಅಂತ ಏನೂ ಇಲ್ಲ.”

“ಮತ್ತೆ ನನ್ ಸೇರ್ ಯಾಕೆ ಸುಳ್ಳು ಅಂದ್ರಿ?”

“ನಾನೀಗ ತಗೊಳೋದು ತೂಕದ ಮ್ಯಾಲೆ.”

“ಕೊಡೋದು?”

“ಕೊಡೋದು ಅಳತೆ ಮ್ಯಾಲೇ. ಅದು ಮೊದಲಿಂದ ಇರೋದು.”

ಜವರಯ್ಯ ಕಿಸಕ್ಕನೆ ನಕ್ಕ. “ತಗೊಳೋ ಕೈಗೊಂದು ನ್ಯಾಯ, ಕೊಡೋ ಕೈಗೊಂದು. ಬಲೇ ಬುದ್ಧಿವಂತ ಕಣ್ಲಾ ನೀನು.”

ಜಾನ್ ಬೀ ನಗಲಿಲ್ಲ. ತನ್ನ ಡಬ್ಬವನ್ನು ಮತ್ತೆ ತಟ್ಟೆಗೆ ಇಟ್ಟಳು. ಆ ಕಡೆಯ ತೂಕದ ಕಲ್ಲನ್ನು ಎತ್ತಿ ಹಲಗೆಯ ಮೇಲೆ ದಡ್ ಅಂತ ಕುಕ್ಕಿದಳು.

“ಆ ಖಾಲಿ ಡಬ್ಬಕ್ಕೆ ನಿಮ್ ಎಣ್ಣೆ ಉಯ್ಯಿರಿ. ತೂಕ ತಾನೇ? ಎರಡೂ ಸಮ ನಿಲ್ಲಲಿ.”

ಬೀದಿಯಲ್ಲಿ ಹೋಗುವವರೂ ನಿಂತು ನೋಡುತ್ತಿದ್ದರು. ಕೆಂಪಸಿದ್ದಯ್ಯ ನಾಲ್ಕು ಸೇರು ಕಡಲೆಕಾಯಿ ಎಣ್ಣೆ ಉಯ್ದ. ಹರಳೆಣ್ಣೆಯ ತಟ್ಟೆ ಕೆಳಗೇ ಕೂತಿತ್ತು. ಅವನ ಎಣ್ಣೆ ಅವಳದಕ್ಕಿಂತಲೂ ಹಗುರ. ಇನ್ನರ್ಧ ಪಾವು ಉಯ್ದ. ಅದೂ ಸಾಲಲಿಲ್ಲ. ಮುಳ್ಳು ನಡುವೆ ಬಂದು ನಿಲ್ಲುವಷ್ಟರಲ್ಲಿ ಮುಕ್ಕಾಲು ಪಾವು ಹೆಚ್ಚಿಗೆ ಹೋಗಿತ್ತು.

“ತಗೊಂಡು ಓಗಮ್ಮ ಅತ್ಲಾಗೆ.”

ಅವಳು ಹರಳೆಣ್ಣೆಯನ್ನು ಅವನ ಪೀಪಾಯಿಗೆ ಬಗ್ಗಿಸಿದಳು. ಚೀಲದಿಂದ ಹಿತ್ತಾಳೆ ಸೇರು ತೆಗೆದು, ಕಡಲೆಕಾಯಿ ಎಣ್ಣೆಯನ್ನು ನಾಲ್ಕು ಸಲ ಅಳೆದು ತನ್ನ ಡಬ್ಬಕ್ಕೆ ಹಾಕಿಕೊಂಡಳು. ಕಮ್ಮಿ ಒಯ್ದರೂ ಹೆಚ್ಚು ಒಯ್ದರೂ ಓಣಿಯಲ್ಲಿ ಸುಳ್ಳಾಗುವುದು ಈ ಸೇರೇ. ತಳದಲ್ಲಿ ಮಿಕ್ಕಿದ್ದ ಎಣ್ಣೆಯ ಸಮೇತ ಅವನ ಡಬ್ಬವನ್ನು ಅವನತ್ತಲೇ ತಳ್ಳಿದಳು.

“ಇದು ನಿಮ್ ತಕ್ಕಡಿ ಪಾಲು. ಅದಕ್ಕೇ ಕುಡಿಸಿ.”

ಅವಳು ಮೆಟ್ಟಿಲು ಇಳಿಯುವಾಗ ಜವರಯ್ಯ ಬಾಟ್ಲಿ ಮುಂದಕ್ಕೆ ಚಾಚಿದ. “ನಂಗೂ ಒಂದು ಸೇರು ಕಡ್ಲೆಕಾಯೆಣ್ಣೆ ಆಕ್ಲಾ ಸಿದ್ದ. ಅಳೀಬ್ಯಾಡ, ತೂಗು.”

ಜಾನ್ ಬೀ ಬೀದಿ ದಾಟುತ್ತಿದ್ದಾಗ ಹಿಂದೆ ಕೆಂಪಸಿದ್ದಯ್ಯ ಸ್ಟೂಲು ಎಳೆದ ಸದ್ದಾಯಿತು. ಆಮೇಲೆ ಅವನು ತೊಲೆಯ ಕೊಂಡಿ ಕಳಚಿದ, ತಕ್ಕಡಿ ಸರಪಣಿ ಸಮೇತ ನೆಲಕ್ಕೆ ಬಿದ್ದಿತು.