ಅಭಿಷೇಕದ ಎಣ್ಣೆ

ಇಂದಿರಾನಗರದ ಹೋಟೆಲುಗಳಲ್ಲಿ ಆಲಿವ್ ಎಣ್ಣೆಯ ವಾಸನೆ ಬಂದರೆ ಇವತ್ತಿಗೂ ನಾನು ತಟ್ಟೆ ಸರಿಸಿಬಿಡುತ್ತೇನೆ.

ಟಿನ್ ಫ್ಯಾಕ್ಟರಿ ಹತ್ತಿರದ ಶೀಟು ಹೊದಿಸಿದ ಪ್ರಾರ್ಥನಾ ಮಂದಿರದಲ್ಲಿ ಆ ಮಧ್ಯಾಹ್ನ ಪಾಸ್ಟರ್ ಅದೇ ಎಣ್ಣೆಯನ್ನು ಅಕ್ಕನ ಹಣೆಗೆ ಹಚ್ಚಿದರು. ಅಕ್ಕನಿಗೆ ಫಿಟ್ಸ್ ಬರುತ್ತಿತ್ತು.

"ದೀಕ್ಷಾಸ್ನಾನ ಆಗಿದೆಯಲ್ಲ ಅಯ್ಯಾ, ಇವಳಿಗೆ ರಕ್ಷಣೆ ಸಿಕ್ಕಿದೆ ಅಲ್ವಾ?" ಎಂದು ಅಮ್ಮ ಕೇಳಿದಳು.

"ರಕ್ಷಣೆ ಬೇರೆ, ಬಿಡುಗಡೆ ಬೇರೆ ಕಣಮ್ಮ. ಒಳಗಿರೋದು ಇನ್ನೂ ಹೋಗಿಲ್ಲ."

"ನೀವು ಹೇಳ್ದಂಗೆ ಮೂರು ದಿನದಿಂದ ಮಾತ್ರೆ ಕೊಟ್ಟಿಲ್ಲ." ಅಮ್ಮನ ದನಿಯಲ್ಲಿ ಹೆಮ್ಮೆಯಿತ್ತು.

ಅಷ್ಟರಲ್ಲಿ ಅಕ್ಕ ಚಾಪೆಯ ಮೇಲೆ ಬಿದ್ದು ಒದ್ದಾಡತೊಡಗಿದಳು. "ಬಿಟ್ಟು ಹೋಗ್ತಾ ಇದೆ!" ಎಂದು ಪಾಸ್ಟರ್ ಕೂಗಿದರು. ಹೆಂಗಸರು ಅವಳ ಕೈಕಾಲು ಅದುಮಿ ಹಿಡಿದರು. ಒದ್ದಾಟ ನಿಂತಾಗ ಎಲ್ಲರೂ ಸ್ತೋತ್ರ ಹೇಳಿ ಚಪ್ಪಾಳೆ ತಟ್ಟಿದರು.

ಅಕ್ಕನ ತುಟಿ ನೀಲಿಯಾಗಿದ್ದನ್ನು ಮೊದಲು ಕಂಡವಳು ಅಮ್ಮ. ಅವಳು ಚೀರುವವರೆಗೂ ನಾನು ಚಪ್ಪಾಳೆ ತಟ್ಟುತ್ತಲೇ ಇದ್ದೆ.