ಕೊನೆಗೆ ಉಳಿದವಳು

ನಮ್ಮೂರ ಇಂಗ್ಲಿಷ್ ಕೋಣೆಯ ಬಾಗಿಲು ಪಾಠ ಒಪ್ಪಿಸಿದವರಿಗಷ್ಟೇ ತೆರೆಯುತ್ತದೆ. ಕೊನೆಯ ವಿದ್ಯಾರ್ಥಿ ಹೊರಡುವವರೆಗೆ ಟೀಚರೂ ಹೊರಡುವಂತಿಲ್ಲ. ಬಾಯಿಪಾಠ ಮಾಡಿದ ಶಕೀಲಾ ಮೊದಲ ದಿನವೇ ಹೋದಳು. ರಾಗ ಹಾಕಿ ಕಲಿತ ದ್ಯಾಮಪ್ಪ ವಾರಕ್ಕೆ ಹೋದ. ನಾನು ಉಳಿದು ಇದು ಆರನೇ ವರ್ಷ.

ಫಿಲೋಮಿನಾ ಟೀಚರ್ ತೊಟ್ಟಿಲಲ್ಲಿ ಬಿಟ್ಟು ಬಂದಿದ್ದ ಮಗಳು ಇಂದೂ ಅಜ್ಜಿಯ ಜೊತೆ ಬಂದು ಕಿಟಕಿಯ ಗಾಜು ಬಡಿದಳು.

"ಅಮ್ಮಾ, ಇವತ್ತಾದ್ರೂ ಬರ್ತೀಯಾ?"

ಟೀಚರ್ ನನ್ನತ್ತ ತಿರುಗಿದರು. "ಇನ್ನೂ ಅರ್ಥ ಆಗ್ಲಿಲ್ವೇನಮ್ಮ?"

ಅರ್ಥವಾಗಿ ಐದು ವರ್ಷವಾಗಿತ್ತು. ಯಾರಾದರೂ ಮುಖ ನೋಡುತ್ತಿದ್ದರೆ ನನಗೆ ಬಾಯಿ ಏಳುವುದಿಲ್ಲ. ಅದನ್ನು ಹೇಳುವುದಕ್ಕೂ ನಾಚಿಕೆ.

"ಟೀಚರ್, ಸ್ವಲ್ಪ ಗೋಡೆ ಕಡೆ ತಿರುಗ್ತೀರಾ?"

ಅವರು ತಿರುಗಿದರು. ನಾನು ಒಪ್ಪಿಸಿದೆ. ಬಾಗಿಲು ತೆರೆಯಿತು.

ಟೀಚರ್ ಓಡಿಹೋಗಿ ಕೈ ಚಾಚಿದರು. ಮಗು ಅಜ್ಜಿಯ ಹಿಂದೆ ಸರಿಯಿತು. ನಡುವೆ ಗಾಜಿಲ್ಲದೆ ಅಮ್ಮನನ್ನು ನೋಡಿದ ನೆನಪೇ ಅದಕ್ಕಿರಲಿಲ್ಲ.